ಬಟ್ಟೆಯ ಮಾತು ಬರೆದಿಡುವ ಪುಸ್ತಕ: ಕೌದಿ ಹೊಲಿಯುವವರಿಗೆ ಆರ್ಟ್ ಜರ್ನಲ್ ಮಾರ್ಗದರ್ಶಿ

ನಮ್ಮ ಮನೆಯಲ್ಲಿ ಅಜ್ಜಿ ಹೊಲಿದ ಒಂದು ಕೌದಿ, ಅಂದರೆ ಹಳೇ ಬಟ್ಟೆಯ ತುಂಡು ಜೋಡಿಸಿ ಹೊಲಿದ ಹೊದಿಕೆ, ಇದೆ. ಅದರ ಎಡಗಡೆ ಮೂಲೆಯ ಹತ್ತಿರ ಅಂಗೈ ಅಗಲದ ಗಿಳಿಹಸಿರು ತುಂಡು. ಅದರ ಮೇಲೆ ಸಣ್ಣ ಸಣ್ಣ ಬಿಳಿ ಹೂವು. ಪಕ್ಕದ ಕೆಂಪು ತುಂಡು ಅವ್ವನ ಇಳಕಲ್ ಸೀರೆಯ ಸೆರಗು, ಅದು ಗೊತ್ತು. ಅದರ ಕೆಳಗಿನ ಗೆರೆಗೆರೆ ಬಟ್ಟೆ ಅಜ್ಜನ ಅಂಗಿ, ಅದೂ ಗೊತ್ತು. ಹಸಿರು ತುಂಡು ಮಾತ್ರ ಯಾರದು ಅಂತ ಯಾರಿಗೂ ಗೊತ್ತಿಲ್ಲ. ಅಜ್ಜಿ ಇದ್ದಾಗ ಕೇಳಿದ್ದರೆ ಒಂದೇ ಉಸಿರಿಗೆ ಹೇಳುತ್ತಿದ್ದಳು. ನಾವು ಕೇಳಲಿಲ್ಲ.

ನಾನು ಬಟ್ಟೆಗಾಗಿ ಒಂದು ಪುಸ್ತಕ ಇಡಲು ಶುರು ಮಾಡಿದ್ದು ಆ ಹಸಿರು ತುಂಡಿನಿಂದ. ಆರ್ಟ್ ಜರ್ನಲ್ ಅಂದ ಕೂಡಲೇ ತುಂಬ ಜನ ಚೆಂದದ ಬಣ್ಣ, ಓರೆ ಅಕ್ಷರ, ಸ್ಟಿಕ್ಕರ್ ಅಂದುಕೊಳ್ಳುತ್ತಾರೆ. ಹೊಲಿಯುವವರ ಜರ್ನಲ್ ಬೇರೆ. ಅದರಲ್ಲಿ ಮೊದಲು ಬರುವುದು ಬಟ್ಟೆ, ಆಮೇಲೆ ಬರಹ, ಚಿತ್ರ ಕೊನೆಗೆ. ಚಿತ್ರ ಬಿಡಿಸಲು ಬಾರದಿದ್ದರೂ ಪರವಾಗಿಲ್ಲ. ಕತ್ತರಿ ಹಿಡಿಯಲು ಬಂದರೆ ಸಾಕು.

ಈ ಪುಸ್ತಕ ಹೇಗಿರಬೇಕು, ಅದರಲ್ಲಿ ಏನು ಅಂಟಿಸಬೇಕು, ಏನು ಬರೆಯಬೇಕು, ಹೊಸ ಕೌದಿ ಹೊಲಿಯುವಾಗ ಅದು ಹೇಗೆ ಕೆಲಸಕ್ಕೆ ಬರುತ್ತದೆ ಅಂತ ಒಂದೊಂದಾಗಿ ಹೇಳುತ್ತೇನೆ. ಕೌದಿ ಅಲ್ಲ, ಬರೀ ಚೀಲ, ದಿಂಬಿನ ಕವರ್, ಮಕ್ಕಳ ಕುಲಾಯಿ ಹೊಲಿಯುತ್ತೇನೆ ಅನ್ನುವವರಿಗೂ ಇದೇ ದಾರಿ.

ಪುಸ್ತಕ ಆರಿಸುವುದು

ಶಾಲೆಯ ನೋಟ್‌ಬುಕ್ ಬೇಡ. ಅದರ ಹಾಳೆ ತೆಳು, ಎರಡು ತುಂಡು ಬಟ್ಟೆ ಅಂಟಿಸಿದರೆ ಸೊಟ್ಟಗಾಗುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಸ್ಕೆಚ್ ಬುಕ್ ಕೇಳಿ. ಹಾಳೆ 200 ಜಿಎಸ್‌ಎಂ ಆದರೂ ಇರಲಿ (ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಅಂತ ಹೇಳುವ ಅಳತೆ ಇದು). ಎ5 ಅಳತೆ, ಅಂದರೆ 148 × 210 ಮಿಲಿಮೀಟರ್, ಕೈಚೀಲದಲ್ಲಿ ಹಿಡಿಯುತ್ತದೆ. ಅಂಗಡಿಗೆ, ಜಾತ್ರೆಗೆ, ನೆಂಟರ ಮನೆಗೆ ಜೊತೆಗೆ ಒಯ್ಯಬಹುದು. ಮನೆಯಲ್ಲೇ ಇಡುವುದಾದರೆ ಎ4 ಒಳ್ಳೆಯದು. ನನ್ನ ಓಟು ಎ5ಗೆ. ಜೊತೆಗಿಲ್ಲದ ಪುಸ್ತಕದಲ್ಲಿ ಏನೂ ಬರೆಯುವುದಿಲ್ಲ, ಅಲ್ವಾ?

ಬಟ್ಟೆ ಅಂಟಿಸುತ್ತಾ ಹೋದ ಹಾಗೆ ಪುಸ್ತಕ ಊದಿಕೊಳ್ಳುತ್ತದೆ, ಬೆನ್ನು ಕಿತ್ತು ಬರುತ್ತದೆ. ಇದಕ್ಕೆ ಎರಡು ದಾರಿ ಇವೆ. ಸುರುಳಿ ಬೈಂಡಿಂಗ್ ಇರುವ ಪುಸ್ತಕ ತೊಗೊಳ್ಳಿ. ಹೊಲಿದ ಬೈಂಡಿಂಗ್ ಇದ್ದರೆ ಪ್ರತಿ ಮೂರನೇ ಹಾಳೆಯನ್ನು ಒಳಗಡೆ ಒಂದು ಇಂಚು ಬಿಟ್ಟು ಕತ್ತರಿಸಿ ತೆಗೆಯಿರಿ. ಆ ಒಂದಿಂಚಿನ ಪಟ್ಟಿ ಬಟ್ಟೆಯ ದಪ್ಪಕ್ಕೆ ಜಾಗ ಮಾಡಿಕೊಡುತ್ತದೆ. ಕತ್ತರಿಸಿದ ಹಾಳೆಗಳೂ ಮುಂದೆ ನಕ್ಷೆ ಬಿಡಿಸಲು ಬೇಕಾಗುತ್ತವೆ.

ಸೂಜಿ ಹಿಡಿದವರಿಗೆ ಪುಸ್ತಕ ಹೊಲಿಯುವುದು ದೊಡ್ಡ ಕೆಲಸವೇ ಅಲ್ಲ. ನಾಲ್ಕು ಎ4 ಡ್ರಾಯಿಂಗ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ಮಡಚಿ. 16 ಪುಟ ಆಯಿತು. ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ: ಒಂದು ಸರಿಯಾಗಿ ನಡುವೆ, ಉಳಿದೆರಡು ಅದರಿಂದ 7 ಸೆಂಟಿಮೀಟರ್ ಮೇಲೆ ಮತ್ತು ಕೆಳಗೆ. ಗಟ್ಟಿ ದಾರ ಪೋಣಿಸಿ. ಒಳಗಡೆಯಿಂದ ನಡು ತೂತಿನಲ್ಲಿ ಹೊರಗೆ ಬನ್ನಿ, ದಾರದ ತುದಿ ನಾಲ್ಕು ಇಂಚು ಒಳಗೇ ಉಳಿಯಲಿ. ಹೊರಗಿನಿಂದ ಮೇಲಿನ ತೂತಿಗೆ ಹೋಗಿ ಒಳಗೆ ಬನ್ನಿ. ಒಳಗಡೆ ನಡು ತೂತು ಬಿಟ್ಟು ನೇರ ಕೆಳಗಿನ ತೂತಿಗೆ ಇಳಿದು ಹೊರಗೆ ಬನ್ನಿ. ಮತ್ತೆ ಹೊರಗಿನಿಂದ ನಡು ತೂತಿನಲ್ಲಿ ಒಳಗೆ ಬಂದು, ಉದ್ದ ದಾರದ ಎರಡೂ ಪಕ್ಕಕ್ಕೆ ಒಂದೊಂದು ತುದಿ ಬರುವ ಹಾಗೆ ಗಂಟು ಹಾಕಿ. ಹೊದಿಕೆಗೆ ಹಳೇ ಕೌದಿಯ ಹರಿದ ಭಾಗ ಹಾಕಿದರೆ ಎಷ್ಟು ಕೈಯಾಡಿದರೂ ಬಾಳುತ್ತದೆ. ಒಂದು ಕೆಲಸಕ್ಕೆ ಇಂಥದ್ದೊಂದು ಪುಸ್ತಕ ಅಂತ ಮಾಡಿಕೊಂಡವರೂ ಇದ್ದಾರೆ.

ಉಳಿದ ಸಾಮಾನು ಕಡಿಮೆ. ಪೆನ್ಸಿಲ್, ನೀರು ತಾಗಿದರೆ ಹರಡದ ಕಪ್ಪು ಪೆನ್ನು, ಸ್ಕೇಲು, ಗ್ಲೂ ಸ್ಟಿಕ್, ಎರಡು ಕಡೆ ಅಂಟುವ ಟೇಪ್, ಒಂದು ಸಣ್ಣ ವಾಟರ್ ಕಲರ್ ಡಬ್ಬಿ. ಕಾಗದಕ್ಕೆ ಬೇರೆ ಕತ್ತರಿ ಇಡಿ. ಬಟ್ಟೆ ಕತ್ತರಿ ಕಾಗದಕ್ಕೆ ಬಳಸಿದರೆ ಬೇಗ ಮೊಂಡಾಗುತ್ತದೆ.

ಬಟ್ಟೆ ಅಂಟಿಸುವ ಬಗೆ

ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇಲ್ಲಿ ಎಡವಿದರೆ ಇಡೀ ಪುಸ್ತಕ ಬರೀ ಬಣ್ಣದ ಚೀಟಿಗಳ ಆಲ್ಬಂ ಆಗಿಬಿಡುತ್ತದೆ.

ತುಂಡು 2 × 3 ಇಂಚು ಇರಲಿ. ಅದಕ್ಕಿಂತ ಚಿಕ್ಕದಾದರೆ ಅಚ್ಚು, ಗೆರೆ, ಅಂಚು ಯಾವುದೂ ಅರ್ಥವಾಗುವುದಿಲ್ಲ. ದೊಡ್ಡ ಅಚ್ಚಿನ ಬಟ್ಟೆಯಾದರೆ ಒಂದು ಪೂರ್ತಿ ಹೂವೋ ಬಳ್ಳಿಯೋ ಬರುವಷ್ಟು ಕತ್ತರಿಸಿ. ಕತ್ತರಿಸುವ ಮೊದಲು ಹಾಸು ಯಾವ ಕಡೆ, ಹೊಕ್ಕು ಯಾವ ಕಡೆ ಅಂತ ನೋಡಿ. ಹಾಸು ಅಂದರೆ ಮಗ್ಗದ ಉದ್ದಕ್ಕೆ ಹೋಗುವ ಎಳೆ, ಹೊಕ್ಕು ಅಂದರೆ ಅಡ್ಡಕ್ಕೆ ಹಾಯುವ ಎಳೆ. ಎಳೆದು ನೋಡಿದರೆ ಸಾಮಾನ್ಯವಾಗಿ ಹಾಸಿನ ಕಡೆ ಕಡಿಮೆ ಹಿಗ್ಗುತ್ತದೆ. ಹಾಸಿನ ದಿಕ್ಕಿಗೆ ಪುಟದ ಮೇಲೆ ಒಂದು ಬಾಣದ ಗುರುತು ಹಾಕಿ.

ಅಂಟು ಬರೀ ಮೇಲಿನ ಅಂಚಿಗೆ ಹಚ್ಚಿ. ಕಾಲು ಇಂಚು ಸಾಕು. ಉಳಿದ ಬಟ್ಟೆ ಸಡಿಲವಾಗಿ ನೇತಾಡಲಿ. ಆಗ ಅದನ್ನು ಎತ್ತಿ ಹಿಂಬದಿ ನೋಡಬಹುದು, ಬೆರಳ ನಡುವೆ ಹಿಡಿದು ಉಜ್ಜಬಹುದು, ದಪ್ಪ ತಿಳಿಯಬಹುದು. ಪೂರ್ತಿ ಅಂಟಿಸಿದ ಬಟ್ಟೆ ರಟ್ಟಿನ ಹಾಗೆ ಆಗುತ್ತದೆ. ಮೊದಲ ಪುಸ್ತಕದಲ್ಲಿ ನಾನು ಫೆವಿಕಾಲ್ ದಪ್ಪಗೆ ಹಚ್ಚಿದ್ದೆ. ತೆಳು ಮಲ್ ಬಟ್ಟೆಯಲ್ಲಿ ಅಂಟು ಈಚೆ ಬಂದು ಗಾಜಿನ ಹಾಗೆ ಒಣಗಿತು. ಆ ಮಲ್ ಎಷ್ಟು ಮೆತ್ತಗಿತ್ತು ಅಂತ ಈಗ ಆ ಪುಟ ಹೇಳುವುದಿಲ್ಲ. ಗ್ಲೂ ಸ್ಟಿಕ್ ಅಥವಾ ಟೇಪ್ ಸಾಕು.

ಇನ್ನೂ ಒಳ್ಳೆಯದು ಹೊಲಿಯುವುದು. ಕೈಯಿಂದ ಹೊಲಿದರೆ ಮೊದಲೇ ಸೂಜಿಯಿಂದ ತೂತು ಮಾಡಿಕೊಳ್ಳಿ, ಕಾಗದ ಹರಿಯುವುದಿಲ್ಲ. ಮಶೀನಿನಲ್ಲಾದರೆ ಹೊಲಿಗೆಯ ಉದ್ದ ಜಾಸ್ತಿ ಇಡಿ, 4 ಮಿಲಿಮೀಟರ್ ಹತ್ತಿರ. ಒತ್ತೊತ್ತಾಗಿ ಹೊಲಿದರೆ ಕಾಗದ ಅಂಚೆ ಚೀಟಿಯ ಹಾಗೆ ಹರಿದು ಬರುತ್ತದೆ. ಕಾಗದ ಸೂಜಿಯನ್ನು ಮೊಂಡು ಮಾಡುವುದರಿಂದ ಸವೆದ ಸೂಜಿಯೊಂದನ್ನು ಇದಕ್ಕೇ ಅಂತ ಎತ್ತಿಡಿ.

ಒಂದು ಬದಿಯ ಎಳೆಗಳನ್ನು ಕಾಲು ಇಂಚು ಬಿಡಿಸಿ ಇಡುವುದು ನನಗೆ ತುಂಬ ಇಷ್ಟ. ನೇರಳೆ ಕಾಣುವ ರೇಷ್ಮೆಯಲ್ಲಿ ಹಾಸು ನೀಲಿ, ಹೊಕ್ಕು ಕೆಂಪು ಇರಬಹುದು. ಎಳೆ ಬಿಡಿಸಿದಾಗ ಎರಡೂ ಬೇರೆ ಬೇರೆ ಕಾಣುತ್ತವೆ. ಆ ಬಟ್ಟೆಗೆ ಯಾವ ಬಣ್ಣದ ದಾರ ಹೊಂದುತ್ತದೆ ಅಂತ ಹುಡುಕುವಾಗ ಇದು ಕೈಹಿಡಿಯುತ್ತದೆ. ದಪ್ಪ ಜರಿ, ಕಂಬಳಿ, ಮುತ್ತು ಕಟ್ಟಿದ ತುಂಡುಗಳಿಗೆ ಕಾಗದದ ಒಂದು ಜೇಬು ಅಂಟಿಸಿ ಅದರೊಳಗೆ ಹಾಕಿ.

ಪಕ್ಕದಲ್ಲಿ ಏನು ಬರೆಯಬೇಕು

ಬಟ್ಟೆ ಯಾರದು. ಯಾವಾಗ ಬಂತು. ಎಲ್ಲಿ ಕೊಂಡಿದ್ದು, ಎಷ್ಟು ಕೊಟ್ಟಿದ್ದು. ಹತ್ತಿಯೋ, ರೇಷ್ಮೆಯೋ, ಮಿಶ್ರವೋ. ಒಗೆದಿದ್ದೇನೆಯೋ ಇಲ್ಲವೋ. ಅಗಲ ಎಷ್ಟು, ಇನ್ನೆಷ್ಟು ಉಳಿದಿದೆ, ಯಾವ ಪೆಟ್ಟಿಗೆಯಲ್ಲಿದೆ. ಕೊನೆಯದ್ದು ಸುಮ್ನೆ ಹೇಳಿದ್ದಲ್ಲ. ಬಟ್ಟೆ ಸೇರಿಸುವವರ ಮನೆಯಲ್ಲಿ ಅರ್ಧ ಹೊತ್ತು ಹುಡುಕುವುದರಲ್ಲೇ ಹೋಗುತ್ತದೆ.

ನನ್ನ ಪುಸ್ತಕದ ಒಂದು ಪುಟ ಹೀಗಿದೆ: "ಚಿಗವ್ವನ ಇಳಕಲ್. ಒಡಲು ಹತ್ತಿ, ಸೆರಗು ರೇಷ್ಮೆ. ಸೆರಗಿನಲ್ಲಿ ತೋಪ್ ತೆನಿ. ಮಡಿಕೆಯ ಹತ್ತಿರ ಒಡಲು ಸೀಳಿದೆ, ಸೆರಗು ಗಟ್ಟಿ. ಮಗಳ ಕುಬಸಕ್ಕೆ ಉಟ್ಟಿದ್ದಳಂತೆ. ಅಂಚು ಎರಡೂ ಪೂರ್ತಿ ಸಿಗುತ್ತದೆ. ನೀಲಿ ಟ್ರಂಕು."

ತೋಪ್ ತೆನಿ ಅಂದರೆ ಇಳಕಲ್ ಸೆರಗಿನಲ್ಲಿ ನೇಯುವ ವಿನ್ಯಾಸ, ಕುಬಸ ಅಂದರೆ ಸೀಮಂತ. ಇದರಲ್ಲಿ ಒಂದೊಂದು ಮಾತೂ ಮುಂದೆ ಕೆಲಸಕ್ಕೆ ಬಂದಿದೆ. ಇಳಕಲ್ ಸೀರೆಯಲ್ಲಿ ಹತ್ತಿ ಒಡಲಿನ ಎಳೆಗಳಿಗೂ ರೇಷ್ಮೆ ಸೆರಗಿನ ಎಳೆಗಳಿಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಎರಡೂ ಬೇರೆ ಜಾತಿಯ ಬಟ್ಟೆ, ಒಗೆದಾಗ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಹಾಗಾಗಿ ಒಂದೇ ಸೀರೆಯಿಂದ ಎರಡು ತುಂಡು ಅಂಟಿಸಬೇಕು, ಒಡಲಿನದೊಂದು, ಸೆರಗಿನದೊಂದು. ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಇದ್ದರೆ ಅದರ ದಡಿಯನ್ನೂ, ಅಂದರೆ ಅಂಚನ್ನೂ, ಸೇರಿಸಿ ಕತ್ತರಿಸಿ. ಖಣದ ಚೆಂದ ದಡಿ ಮತ್ತು ಒಡಲು ಸೇರುವ ಜಾಗದಲ್ಲಿದೆ.

ಹತ್ತಿಯೋ ಅಲ್ಲವೋ ಅಂತ ಅನುಮಾನ ಬಂದರೆ ಎರಡು ಎಳೆ ತೆಗೆದು ಸುಟ್ಟು ನೋಡಿ. ಸ್ಟೀಲ್ ತಟ್ಟೆಯ ಮೇಲೆ, ಪಕ್ಕದಲ್ಲಿ ನೀರು ಇಟ್ಟುಕೊಂಡು, ಚಿಮಟದಲ್ಲಿ ಹಿಡಿದು ಮಾಡಿ. ಹತ್ತಿ ಸುಟ್ಟರೆ ಕಾಗದ ಸುಟ್ಟ ವಾಸನೆ, ಬೂದಿ ಮೆತ್ತಗೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಕಪ್ಪಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಏನು ಕಂಡಿತು ಅಂತ ಪುಟದಲ್ಲಿ ಬರೆಯಿರಿ. ಇದು ಬರೀ ಕುತೂಹಲಕ್ಕಲ್ಲ. ಪಾಲಿಯೆಸ್ಟರ್ ಸೇರಿದ ಬಟ್ಟೆಗೆ ಹತ್ತಿಗೆ ಇಡುವಷ್ಟು ಬಿಸಿ ಇಸ್ತ್ರಿ ಇಟ್ಟರೆ ಕರಗಿ ಮುದುಡುತ್ತದೆ.

ಪರೀಕ್ಷೆಯ ಪುಟಗಳು

ಒಮ್ಮೆ ಮಗುವಿನ ಕೌದಿಗೆ ಕಡುಗೆಂಪು ಹತ್ತಿ ತುಂಡುಗಳನ್ನು ಬಿಳಿ ಪಂಚೆಯ ಜೊತೆ ಸೇರಿಸಿದೆ. ಹೊಲಿದು ಮುಗಿಸಲು ಒಂದೂವರೆ ತಿಂಗಳು ಹಿಡಿಯಿತು. ಮೊದಲ ಸಲ ಒಗೆದಾಗ ಬಿಳಿಯೆಲ್ಲ ಗುಲಾಬಿ. ಎಷ್ಟು ಒಗೆದರೂ ಹೋಗಲಿಲ್ಲ. ಆ ಕೆಂಪು ಬಟ್ಟೆಯ ಒಂದು ಚೂರನ್ನು ಹತ್ತು ನಿಮಿಷ ಪರೀಕ್ಷೆ ಮಾಡಿದ್ದರೆ ಸಾಕಿತ್ತು. ಅವತ್ತಿನಿಂದ ಪರೀಕ್ಷೆ ಆಗದ ಬಟ್ಟೆಯನ್ನು ನಾನು ಕತ್ತರಿಸಿಲ್ಲ.

ಬಣ್ಣ ಬಿಡುತ್ತದೆಯೇ ಅಂತ ನೋಡಲು 2 ಇಂಚಿನ ಚೌಕವನ್ನು ಅಷ್ಟೇ ಅಳತೆಯ ಬಿಳಿ ಹತ್ತಿಗೆ ನಾಲ್ಕು ಹೊಲಿಗೆ ಹಾಕಿ ಜೋಡಿಸಿ. ನೀವು ಮಾಮೂಲಿ ಒಗೆಯುವ ಸೋಪಿನ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಹಾಗೇ ಜೋಡಿಯಾಗಿ ಒಣಗಿಸಿ. ಬಿಳಿ ಬಿಳಿಯಾಗೇ ಇದ್ದರೆ ಸರಿ. ಆ ಬಿಳಿ ತುಂಡನ್ನೇ ಪುಟಕ್ಕೆ ಅಂಟಿಸಿ. ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಹತ್ತು ಸಲ ಉಜ್ಜಿ ನೋಡುವುದು ಇನ್ನೊಂದು ಪರೀಕ್ಷೆ. ಕಡುಗೆಂಪು, ಕಡುನೀಲಿ, ಕಪ್ಪು ಬಟ್ಟೆಗೆ ಎರಡನ್ನೂ ಮಾಡಿ.

ಕುಗ್ಗುವುದನ್ನು ಅಳೆಯಲು 10 × 10 ಇಂಚು ಸರಿಯಾಗಿ ಕತ್ತರಿಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಿರಿ. ಹಾಸಿನ ಕಡೆ ಒಂಬತ್ತೂವರೆ ಆದರೆ ನೂರಕ್ಕೆ 5ರಷ್ಟು ಕುಗ್ಗಿತು ಅಂತ ಲೆಕ್ಕ. ಹೊಸ ಬಟ್ಟೆಯನ್ನು ಹಳೇ ಸೀರೆಯ ಜೊತೆ ಸೇರಿಸುವಾಗ ಇದು ಮುಖ್ಯ. ಹಳೇ ಸೀರೆ ನೂರು ಸಲ ನೀರು ಕಂಡು ಕುಗ್ಗುವಷ್ಟು ಕುಗ್ಗಿಬಿಟ್ಟಿರುತ್ತದೆ. ಹೊಸದು ಮಾತ್ರ ಒಳಗೆ ಎಳೆದು ಸುಕ್ಕು ಮಾಡುತ್ತದೆ.

ಬಿಸಿಲಿಗೆ ಬಣ್ಣ ಮಾಸುತ್ತದೆಯೇ ಅಂತ ತಿಳಿಯಬೇಕಾದರೆ ತುಂಡಿನ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಕಿಟಕಿಯಲ್ಲಿ ಒಂದು ತಿಂಗಳು ಬಿಡಿ. ಗೋಡೆಗೆ ತೂಗು ಹಾಕುವ ಕೆಲಸಕ್ಕೆ ಇದು ಬೇಕು. ಮಂಚದ ಮೇಲಿನ ಕೌದಿಗೆ ಅಷ್ಟು ಅಗತ್ಯವಿಲ್ಲ.

ಬಣ್ಣ ನೋಡಲು ಕಲಿಯುವುದು

ಕೆಂಪು ಪಕ್ಕ ಹಸಿರು ಇಟ್ಟೆ, ಎದ್ದು ಕಾಣಬೇಕಿತ್ತು, ಆದರೂ ಮಂಕಾಗಿದೆ ಅಂತ ತುಂಬ ಜನ ಹೇಳುತ್ತಾರೆ. ಅಲ್ಲಿ ಸಮಸ್ಯೆ ಬಣ್ಣದ್ದಲ್ಲ, ಗಾಢತೆಯದ್ದು. ಕೆಂಪು ಮತ್ತು ಹಸಿರು ಎರಡೂ ಒಂದೇ ಮಟ್ಟದ ಗಾಢ ಇದ್ದರೆ ದೂರದಿಂದ ಎರಡೂ ಬೆರೆತು ಹೋಗುತ್ತವೆ. ಜರ್ನಲ್‌ನಲ್ಲಿ ಇದಕ್ಕೆ ಸುಲಭ ದಾರಿ ಇದೆ. ತುಂಡುಗಳನ್ನು ಪುಟದ ಮೇಲೆ ಸಾಲಾಗಿ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಅದನ್ನು ಕಪ್ಪುಬಿಳುಪು ಮಾಡಿ. ಯಾವ ತುಂಡು ತಿಳಿ, ಯಾವುದು ನಡು, ಯಾವುದು ಗಾಢ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪ್ರತಿ ತುಂಡಿನ ಕೆಳಗೆ ತಿ, ನ, ಗಾ ಅಂತ ಒಂದಕ್ಷರ ಬರೆದಿಡಿ.

ಬಣ್ಣ ಕಡಿಮೆ ಮಾಡಿಕೊಂಡು ಅಭ್ಯಾಸ ಮಾಡುವುದೂ ಒಳ್ಳೆಯದು. ಮಲೆನಾಡಿನಲ್ಲಿ, ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ ಎಳೆ, ಹುರಿದ ಅಕ್ಕಿಯ ಕಪ್ಪು. ಇಷ್ಟರಲ್ಲೇ ಇಡೀ ಗೋಡೆ ತುಂಬಿ ನಿಲ್ಲುತ್ತದೆ. ಒಂದು ವಾರ ಮೂರೇ ಬಣ್ಣದ ತುಂಡು ಇಟ್ಟುಕೊಂಡು ದಿನಕ್ಕೊಂದು ಪುಟ ಮಾಡಿ. ಅಂಟಿಸುವ ಮೊದಲು ಜೋಡಣೆ ಬದಲಿಸಿ ಬದಲಿಸಿ ನಾಲ್ಕು ಫೋಟೋ ತೆಗೆಯಿರಿ. ನಾಲ್ಕರಲ್ಲಿ ಯಾವುದು ಇಷ್ಟವಾಯಿತು, ಯಾಕೆ ಅಂತ ಒಂದು ಸಾಲು ಬರೆಯಿರಿ. ಆ "ಯಾಕೆ" ಬಿಡಬೇಡಿ.

ನಕ್ಷೆ: ಚಿತ್ರ ಬಾರದವರಿಗೂ

ನಿಮಗೆ ಚುಕ್ಕಿ ರಂಗೋಲಿ ಬರುತ್ತದೆಯೇ? ಹಾಗಾದರೆ ನಕ್ಷೆ ಬರುತ್ತದೆ. ಐದು ಚುಕ್ಕಿ ಐದು ಸಾಲು ಇಟ್ಟು ಎಳೆದ ರಂಗೋಲಿಯನ್ನೇ ಗ್ರಾಫ್ ಹಾಳೆಯ ಮೇಲೆ ಬಿಡಿಸಿ, ಗೆರೆಗಳ ನಡುವಿನ ಜಾಗಗಳಿಗೆ ಬಣ್ಣ ತುಂಬಿ. ನೇರ ಗೆರೆಯ ರಂಗೋಲಿ ಆರಿಸಿದರೆ ಅದು ನೇರವಾಗಿ ಚೌಕ, ತ್ರಿಕೋನಗಳ ತುಂಡು ಕೆಲಸವಾಗುತ್ತದೆ. ಸುತ್ತು ಬಳ್ಳಿಯ ರಂಗೋಲಿ ತುಂಡಿಗಲ್ಲ, ಮೇಲಿನ ಹೊಲಿಗೆಯ ಸಾಲಿಗೆ ಚೆನ್ನ.

ಬಿಡಿಸಲು ಬೇಜಾರು ಅನ್ನುವವರು ಕಾಗದ ಕತ್ತರಿಸಿ. ಹಳೇ ಕ್ಯಾಲೆಂಡರ್, ಮದುವೆ ಕಾಗದ, ಬಣ್ಣದ ಪತ್ರಿಕೆ ಯಾವುದಾದರೂ ಆದೀತು. ಚೌಕ, ಪಟ್ಟಿ, ತ್ರಿಕೋನ ಕತ್ತರಿಸಿ ಪುಟದ ಮೇಲೆ ಸರಿದಾಡಿಸಿ. ಕೌದಿಗೆ ಇದು ಗ್ರಾಫಿಗಿಂತ ಹತ್ತಿರ. ಅಜ್ಜಿ ಯಾವತ್ತೂ ನಕ್ಷೆ ಬಿಡಿಸಲಿಲ್ಲ. ಹಾಸಿದ ಸೀರೆಯ ಮೇಲೆ ತುಂಡು ಇಟ್ಟು, ಎದ್ದು ನಿಂತು ನೋಡಿ, ಕುಳಿತು ಸರಿಸುತ್ತಿದ್ದಳು.

ಕಸೂತಿ ಮಾಡುವವರಿಗೆ ಮಾತ್ರ ಗ್ರಾಫ್ ಬೇಕೇ ಬೇಕು. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿ, ಮುರ್ಗಿ ಎರಡೂ ಬದಿಯಲ್ಲಿ ಒಂದೇ ಥರ ಕಾಣಬೇಕು, ಗಂಟು ಹಾಕುವ ಹಾಗಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಹೋದ ದಾರಿಯಲ್ಲೇ ವಾಪಸ್ಸು ಬರುವಂತೆ ಮೊದಲೇ ಯೋಚಿಸಬೇಕು. ಗೋಪುರವೋ, ತುಳಸಿ ಕಟ್ಟೆಯೋ, ಆನೆಯೋ ಗ್ರಾಫಿನಲ್ಲಿ ಬಿಡಿಸಿ, ಹೋಗುವ ದಾರಿಗೆ ಕೆಂಪು ಪೆನ್ಸಿಲ್, ಬರುವ ದಾರಿಗೆ ನೀಲಿ ಪೆನ್ಸಿಲ್ ಹಾಕಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಅಂತ ಬಟ್ಟೆ ಮುಟ್ಟುವ ಮೊದಲೇ ಗೊತ್ತಾಗುತ್ತದೆ.

ಲೆಕ್ಕವನ್ನೂ ನಕ್ಷೆಯ ಪಕ್ಕದಲ್ಲೇ ಮಾಡಿ. ಒಂಬತ್ತು ಚೌಕದ ಒಂದು ಬ್ಲಾಕ್ ತೊಗೊಳ್ಳೋಣ. ಹೊಲಿದ ಮೇಲೆ ಒಂದೊಂದು ಚೌಕ 3 ಇಂಚು ಬೇಕು. ಎಲ್ಲ ಕಡೆ ಕಾಲು ಇಂಚು ಹೊಲಿಗೆಗೆ ಹೋಗುವುದರಿಂದ ಮೂರೂವರೆ ಇಂಚಿಗೆ ಕತ್ತರಿಸಬೇಕು. ಬ್ಲಾಕ್ 9 ಇಂಚು. ಅಡ್ಡಕ್ಕೆ 7, ಉದ್ದಕ್ಕೆ 10 ಬ್ಲಾಕ್ ಇಟ್ಟರೆ 63 × 90 ಇಂಚು, ಒಬ್ಬರು ಹೊದೆಯುವ ಅಳತೆ. ಒಟ್ಟು 70 ಬ್ಲಾಕ್, 630 ಚೌಕ. 44 ಇಂಚು ಅಗಲದ ಬಟ್ಟೆಯಲ್ಲಿ ಒಂದು ಪಟ್ಟಿಗೆ 12 ಚೌಕ ಬರುತ್ತವೆ. 53 ಪಟ್ಟಿ ಬೇಕು, ಅಂದರೆ ಎಲ್ಲ ಬಣ್ಣ ಸೇರಿ ಸುಮಾರು 4.7 ಮೀಟರ್. 5 ಮೀಟರ್ ಕೈಯಲ್ಲಿರಲಿ. ಈ ಪುಟ ಇದ್ದರೆ ಬಟ್ಟೆ ಅಂಗಡಿಯಲ್ಲಿ ನಿಂತು ಅಂದಾಜು ಮಾಡುವುದು ತಪ್ಪುತ್ತದೆ.

ಹೊಲಿಯುವಾಗಿನ ದಿನಚರಿ

ಕೌದಿ ಶುರುವಾದ ದಿನ ಒಂದು ಪುಟ ತೆಗೆಯಿರಿ. ಮೇಲೆ ತಾರೀಖು, ಯಾರಿಗೆ, ಅಳತೆ, ಒಳಗೆ ಎಷ್ಟು ಪದರ. ಆಮೇಲೆ ಮಾದರಿ: ಅದೇ ಪದರಗಳ 4 ಇಂಚಿನ ಚೌಕದ ಮೇಲೆ ಅದೇ ಸೂಜಿ, ಅದೇ ದಾರದಿಂದ ಐದಾರು ಸಾಲು ಹೊಲಿದು ಜೇಬಿನಲ್ಲಿ ಇಡಿ. ಇಂಚಿಗೆ ಎಷ್ಟು ಹೊಲಿಗೆ ಬಿತ್ತು, ಸಾಲುಗಳ ನಡುವೆ ಎಷ್ಟು ಅಂತರ ಅಂತ ಬರೆಯಿರಿ. ಮೂರು ತಿಂಗಳ ಮೇಲೆ ಕೌದಿಗೆ ವಾಪಸ್ಸು ಬಂದಾಗ ಕೈ ಬದಲಾಗಿರುತ್ತದೆ. ಈ ಚೌಕ ನೋಡಿದರೆ ಮತ್ತೆ ಹಳೇ ಅಳತೆಗೆ ಬರುತ್ತದೆ.

ದಾರದ ಲೆಕ್ಕ ಹಲವರನ್ನು ಕಾಡುತ್ತದೆ, ಅರ್ಧದಲ್ಲಿ ಮುಗಿದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ. ಮಾದರಿಯ ಮೇಲೆ 10 ಇಂಚು ಸಾಲು ಹೊಲಿದು, ಬಿಚ್ಚಿ, ದಾರ ಅಳೆಯಿರಿ. ನನಗೆ ಹನ್ನೊಂದೂವರೆ ಇಂಚು ಬಂತು. ಈಗ 60 × 90 ಇಂಚಿನ ಕೌದಿಗೆ ಅರ್ಧ ಇಂಚಿಗೊಂದು ಸಾಲು ಅಂದರೆ 120 ಸಾಲು, ಒಂದೊಂದೂ 90 ಇಂಚು. ಒಟ್ಟು 10,800 ಇಂಚು, ಸುಮಾರು 274 ಮೀಟರ್ ಹೊಲಿಗೆ. 10ಕ್ಕೆ ಹನ್ನೊಂದೂವರೆಯ ಲೆಕ್ಕದಲ್ಲಿ 315 ಮೀಟರ್ ದಾರ. ಜೋಡಿ ಎಳೆ ಹಾಕಿದರೆ 630. ಗಂಟು, ತುದಿಗಳಿಗೆ ಅಂತ 50 ಮೀಟರ್ ಜಾಸ್ತಿ ಸೇರಿಸಿಕೊಳ್ಳಿ.

ಹೊಲಿಗೆ ಯಾವ ದಾರಿಯಲ್ಲಿ ಸಾಗಿತು ಅಂತ ಒಂದು ಸಣ್ಣ ಚಿತ್ರ ಹಾಕಿ, ಬರೀ ಬಾಣಗಳು ಸಾಕು. ಅಜ್ಜಿ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಿದ್ದಳು. "ಮೂಲಿ ಬಿಟ್ಟು ನಡುವ್ಕ ಹೋಗಬ್ಯಾಡ" ಅನ್ನುತ್ತಿದ್ದಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕವಂದಿಯೂ (ಕೌದಿಗೆ ಅವರ ಹೆಸರು) ಹಾಗೇ: ಒಂದು ಮೂಲೆಯಿಂದ ಹೊರಟು, ಅಂಚಿನ ಸುತ್ತ ಬಂದು, ಒಳಗೊಳಗೆ ಸುತ್ತಿ ನಡುವೆ ಮುಗಿಯುತ್ತದೆ. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ತುಂಡುಗಳನ್ನು ಹೊಲಿಯುತ್ತಾರೆ. ಅದಕ್ಕೆ ಫುಲಾ ಅನ್ನುತ್ತಾರೆ, ಹೂವು ಅಂತ ಅರ್ಥ. ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈ. ಇಂಥದ್ದನ್ನು ಎಲ್ಲಾದರೂ ನೋಡಿ ನಿಮ್ಮ ಪುಟಕ್ಕೆ ಇಳಿಸಿಕೊಂಡರೆ ಯಾರ ಕೈಕೆಲಸ, ಯಾವ ಊರಲ್ಲಿ ನೋಡಿದ್ದು ಅಂತ ಪಕ್ಕದಲ್ಲೇ ಬರೆಯಿರಿ. ಹೊಲಿದವರು ಎದುರಿಗಿದ್ದರೆ ಕೇಳಿ ಬಿಡಿಸಿಕೊಳ್ಳಿ. ನಿಮ್ಮ ಕೆಲಸ ಮಾರುವಾಗಲೂ ಆ ಮಾತು ಹೇಳಬೇಕು.

ತಪ್ಪಾದ ಜಾಗವನ್ನೂ ಬರೆಯಿರಿ. "ಮೂರನೇ ಸುತ್ತಿನಲ್ಲಿ ಒಳಗಿನ ಸೀರೆ ಮಡಚಿಕೊಂಡಿತು, ಕಚ್ಚಾ ಹೊಲಿಗೆ ದೂರ ದೂರ ಹಾಕಿದ್ದೆ" ಅಂತ ಒಂದು ಸಾಲು ನನ್ನ ಪುಸ್ತಕದಲ್ಲಿದೆ. ಕಚ್ಚಾ ಹೊಲಿಗೆ ಅಂದರೆ ಪದರಗಳು ಜರುಗದ ಹಾಗೆ ಮೊದಲು ಹಾಕುವ ತಾತ್ಕಾಲಿಕ ಹೊಲಿಗೆ. ಮುಂದಿನ ಕೌದಿಗೆ ಕಚ್ಚಾ ಹೊಲಿಗೆಯನ್ನು ಒಂದು ಗೇಣಿನಿಂದ ನಾಲ್ಕು ಬೆರಳಿಗೆ ಇಳಿಸಿದೆ. ಮಡಿಕೆ ಬೀಳಲಿಲ್ಲ.

ಇದಕ್ಕೆಲ್ಲ ಹೊತ್ತು ಎಲ್ಲಿಂದ ತರುವುದು ಅನ್ನಬಹುದು. ಹೊಲಿಗೆ ಎತ್ತಿಡುವ ಮೊದಲು ಐದು ನಿಮಿಷ, ಅಷ್ಟೇ. ಸೂಜಿ ಇನ್ನೂ ಕೈಯಲ್ಲಿರುವಾಗ ಬರೆದದ್ದು ಸರಿ ಇರುತ್ತದೆ.

ಹಳೇ ಕೌದಿಯನ್ನು ಪುಸ್ತಕಕ್ಕೆ ತರುವುದು

ಮನೆಯಲ್ಲಿ ಹಳೇ ಕೌದಿ ಇದ್ದರೆ ದಯವಿಟ್ಟು ಇದನ್ನು ಮೊದಲು ಮಾಡಿ. ಹೊಸ ಕೌದಿ ಕಾಯುತ್ತದೆ, ಹಿರಿಯರ ನೆನಪು ಕಾಯುವುದಿಲ್ಲ.

ಕೌದಿಯನ್ನು ನೆಲದ ಮೇಲೆ ಹಾಸಿ. ಸ್ಟೂಲಿನ ಮೇಲೆ ನಿಂತು ನೇರ ಮೇಲಿನಿಂದ ಒಂದು ಫೋಟೋ ತೆಗೆಯಿರಿ, ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ. ಅದನ್ನು ಎ4 ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಪ್ರತಿ ತುಂಡಿನ ಅಂಚು ಎಳೆಯಿರಿ. ಎಡ ಮೇಲಿನ ಮೂಲೆಯಿಂದ ನಂಬರು ಕೊಡುತ್ತಾ ಬನ್ನಿ. ಆ ಹಾಳೆಯನ್ನು ಮಡಚಿ ಪುಸ್ತಕಕ್ಕೆ ಅಂಟಿಸಿ, ಬಿಚ್ಚಿದರೆ ಪೂರ್ತಿ ಕಾಣುವ ಹಾಗೆ. ಮುಂದಿನ ಪುಟಗಳಲ್ಲಿ ನಂಬರಿನ ಪ್ರಕಾರ ಒಂದೊಂದು ಸಾಲು. ಹಳೇ ಕೌದಿಯಿಂದ ಮಾದರಿಗೆ ಅಂತ ತುಂಡು ಕತ್ತರಿಸಬೇಡಿ. ತಾನಾಗೇ ಕಿತ್ತು ಬಂದ ಎಳೆ ಇದ್ದರೆ ಅದನ್ನು ಅಂಟಿಸಿ. ಬಣ್ಣ ಹಿಡಿಯಲು ವಾಟರ್ ಕಲರ್ ಬಳಸಿ. ತುಂಡಿನ ಪಕ್ಕದಲ್ಲೇ ಹಾಳೆ ಇಟ್ಟು ಬೆರೆಸಿದರೆ ಎರಡು ಮೂರು ಪ್ರಯತ್ನದಲ್ಲಿ ಹತ್ತಿರ ಬರುತ್ತದೆ.

ಆಮೇಲೆ ಕೌದಿಯನ್ನು ಹಿರಿಯರ ಮಡಿಲಿಗೆ ಹಾಕಿ. ಫೋಟೋ ತೋರಿಸಿದರೆ ಹೆಚ್ಚು ಮಾತು ಬರುವುದಿಲ್ಲ, ಬಟ್ಟೆ ಕೈಗೆ ಸಿಕ್ಕರೆ ಬರುತ್ತದೆ. "ಇದು ಯಾರದು?" ಅಂತ ಕೇಳುವುದಕ್ಕಿಂತ "ಇದನ್ನು ಎಲ್ಲಿ ಉಟ್ಟಿದ್ದರು?" ಅಂತ ಕೇಳಿ. ನಮ್ಮ ಕೌದಿಯಲ್ಲಿ 58 ತುಂಡು. ಚಿಗವ್ವ ಒಂದು ಮಧ್ಯಾಹ್ನ ಕುಳಿತು 31 ಹೇಳಿದಳು. 17ನೇ ನಂಬರಿನ ತುಂಡು ಮುಟ್ಟಿ, "ಇದು ನಿಮ್ಮ ಅತ್ಯಾನ ಲಂಗ, ಬೋರಿ ಗಿಡದ ಮುಳ್ಳಿಗೆ ಸಿಕ್ಕು ಹರಕೊಂಡು ಬಂದಿದ್ಲು" ಅಂದಳು. ನೋಡಿದರೆ ತುಂಡಿನ ಒಂದು ಬದಿ ನಿಜಕ್ಕೂ ಸೊಟ್ಟ, ಹರಿದ ಜಾಗ ಒಳಗೆ ಮಡಚಿ ಹೊಲಿದಿದೆ. ಅವಳು ಹೇಳಿದ ಮಾತನ್ನು ಹಾಗೇ, ಅವಳ ಮಾತಿನಲ್ಲೇ ಬರೆದುಕೊಂಡೆ. ನೀವೂ ಪುಸ್ತಕದ ಭಾಷೆಗೆ ತಿದ್ದಬೇಡಿ. ಗಿಳಿಹಸಿರು ತುಂಡು 6ನೇ ನಂಬರು. ಅದರ ಮುಂದೆ ಮೂರು ಸಾಲು ಖಾಲಿ ಬಿಟ್ಟಿದ್ದೇನೆ. ದೊಡ್ಡವ್ವನನ್ನು ಇನ್ನೂ ಕೇಳಬೇಕು.

ಪುಸ್ತಕ ಕಾಯುವುದು

ಬಟ್ಟೆ, ಅಂಟು, ಕಾಗದ ಮೂರೂ ಒಂದೇ ಕಡೆ ಇದ್ದರೆ ಬೆಳ್ಳಿ ಹುಳಕ್ಕೆ ಹಬ್ಬ. ಒಗೆಯದ, ಗಂಜಿ ಇರುವ ಬಟ್ಟೆ ಅಂಟಿಸಬೇಡಿ. ಗಂಜಿಗೆ ಹುಳ ಬೇಗ ಬರುತ್ತದೆ. ಅಂಟು ಪೂರ್ತಿ ಒಣಗುವ ಮುಂಚೆ ಪುಸ್ತಕ ಮುಚ್ಚಬೇಡಿ. ಕರಾವಳಿ, ಮಲೆನಾಡಿನಲ್ಲಿರುವವರು ಮಳೆಗಾಲದಲ್ಲಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಒಣಗಿದ ಬೇವಿನ ಎಲೆ, ಬಜೆ ಬೇರನ್ನು ಬಟ್ಟೆಯ ಸಣ್ಣ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡಿ, ಪುಟದ ನಡುವೆ ಇಟ್ಟರೆ ಕಲೆಯಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡುವುದು ಬೇಡ, ಒಳಗಿನ ತೇವ ಹೊರಗೆ ಹೋಗದೆ ಬೂಷ್ಟು ಬರುತ್ತದೆ.

ತಿಂಗಳಿಗೊಮ್ಮೆ ತೆರೆದು ಗಾಳಿಯಾಡಿಸಿ, ಆದರೆ ನೇರ ಬಿಸಿಲು ಬೇಡ. ಅದೇ ಹೊತ್ತಿಗೆ ಹೊಸ ಪುಟಗಳ ಫೋಟೋ ತೆಗೆದು ಮೊಬೈಲಿನಲ್ಲಿ ಒಂದು ಫೋಲ್ಡರಿಗೆ ಹಾಕಿ. ಕೊನೆಯ ಎರಡು ಹಾಳೆಗಳನ್ನು ಮೊದಲ ದಿನವೇ ಖಾಲಿ ಬಿಟ್ಟು ಪುಟಗಳಿಗೆ ನಂಬರು ಹಾಕಿಕೊಳ್ಳಿ. ಯಾರ ಬಟ್ಟೆ ಯಾವ ಪುಟದಲ್ಲಿದೆ ಅಂತ ಅಲ್ಲಿ ಹೆಸರಿನ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಹೊದಿಕೆಯ ಒಳಗಡೆ ನಿಮ್ಮ ಹೆಸರು, ಊರು, ಶುರು ಮಾಡಿದ ತಾರೀಖು ಬರೆಯಿರಿ. ಅದನ್ನು ಪೆನ್ನಿನಲ್ಲಿ ಬರೆಯಬಹುದು, ದಾರದಲ್ಲಿ ಹೊಲಿಯಲೂಬಹುದು.